ಗಿಲಕಿ ಮೀನು ಕಟ್ಟಿ ಕೆಂಬೇರಿ ಹಿಡಿದ ಕಥೆ

ಮೊದಲು ಮೋಸ ಹೋದದ್ದನ್ನೇ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಒಂದು ಬ್ಯಾಟರಿ ಲೂರ್ (ಮೀನನ್ನು ಮರುಳು ಮಾಡಲು ಗಾಳದ ದಾರಕ್ಕೆ ಕಟ್ಟುವ ಆಟಿಕೆ ಮೀನು) ತರಿಸಿದ್ದೆ. ಚಾರ್ಜ್ ಮಾಡಿ ನೀರಿಗೆ ಬಿಟ್ಟರೆ ತಾನೇ ಗುಂಯ್ ಅನ್ನುತ್ತೆ, ಹೊಟ್ಟೆಯಲ್ಲಿ ಕೆಂಪು ದೀಪ ಮಿಣುಕುತ್ತೆ, ದೊಡ್ಡ ಮೀನುಗಳು ಹುಡುಕಿಕೊಂಡು ಬರುತ್ತವೆ ಅಂತ ಜಾಹೀರಾತು. ಕುಂದಾಪುರದ ಪಂಚಗಂಗಾವಳಿಯಲ್ಲಿ, ನದಿಗಳು ಸಮುದ್ರ ಸೇರುವ ಅಳಿವೆಯಲ್ಲಿ, ಎರಡು ಸಂಜೆ ಅದನ್ನು ಎಸೆದೆ. ಬಂದದ್ದು ಒಂದು ಏಡಿ, ಅದೂ ದಾರಕ್ಕೆ ಸಿಕ್ಕಿಕೊಂಡು. ಮೂರನೇ ಸಲಕ್ಕೆ ಒಳಗೆ ಉಪ್ಪುನೀರು ಹೋಗಿ ಗುಂಯ್ ಕೂಡ ನಿಂತಿತು.

ಆಮೇಲೆ ಬ್ಯಾಟರಿ ಗೀಟರಿ ಎಲ್ಲ ಬಿಟ್ಟು ಹೊಟ್ಟೆಯೊಳಗೆ ಗುಂಡು ಇರುವ ಸಾದಾ ಪ್ಲಾಸ್ಟಿಕ್ ಮೀನು ತಗೊಂಡೆ. ಎಳೆದಾಗ ಅದು ಅಲ್ಲಾಡುತ್ತೆ, ಗುಂಡು ಗೋಡೆಗೆ ಬಡಿಯುತ್ತೆ, ಅಷ್ಟೇ. ಮಕ್ಕಳ ಗಿಲಕಿ ಇದ್ದ ಹಾಗೆ. ಎರಡು ಥರ ಸಿಗುತ್ತೆ. ಒಂದರಲ್ಲಿ ಸಣ್ಣ ಸಣ್ಣ ಗುಂಡು ಐದಾರು, ಇನ್ನೊಂದರಲ್ಲಿ ಒಂದೇ ದಪ್ಪ ಗುಂಡು. ಅಂಗಡಿಯಲ್ಲಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರೆ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ನಾನು ಮನೆಯಲ್ಲಿ ಸ್ಟೀಲ್ ಬಕೆಟ್ ತುಂಬ ನೀರು ಹಿಡಿದು, ಲೂರನ್ನು ನೀರೊಳಗೆ ಅಲ್ಲಾಡಿಸುತ್ತಾ ಬಕೆಟ್ಟಿನ ಹೊರಮೈಗೆ ಕಿವಿ ಒತ್ತಿ ಕೇಳಿದೆ. ಸಣ್ಣ ಗುಂಡಿನದು ಛಲ್ ಛಲ್ ಅಂತ ಒಂದೇ ಸಮ. ದಪ್ಪ ಗುಂಡಿನದು ಟಕ್, ಟಕ್, ಯಾರೋ ಬೆರಳ ಗೆಣ್ಣಲ್ಲಿ ಬಾಗಿಲು ತಟ್ಟಿದ ಹಾಗೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದಳು.

ಮೀನಿಗೆ ಕಿವಿ ಎಲ್ಲಿದೆ ಅಂತ ಕೇಳುವವರಿಗೆ ನಾನು ಕಲ್ಲೂರು ಮೀನಿನ ತಲೆ ತೋರಿಸುತ್ತೇನೆ. ಅದರ ತಲೆಯಲ್ಲಿ ಎರಡು ಬಿಳಿ ಕಲ್ಲು ಸಿಗುತ್ತಲ್ವಾ, ಅದೇ ಒಳಕಿವಿಯ ಕಲ್ಲು. ಎಲ್ಲ ಮೂಳೆಮೀನಿಗೂ ಇರುತ್ತೆ, ಕಲ್ಲೂರಿಗೆ ದೊಡ್ಡದು. ಅದರ ಜೊತೆ ಮೈಯ ಎರಡೂ ಪಕ್ಕ ಒಂದು ಗೆರೆ ಇದೆ, ಹತ್ತಿರದ ನೀರು ಒಂಚೂರು ಅಲುಗಿದರೂ ಅದಕ್ಕೆ ತಿಳಿಯುತ್ತೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ನೀರಿನಲ್ಲಿ ಹತ್ತಿರ ಹತ್ತಿರ 1500 ಮೀಟರ್. ಹಾಗಾಗಿ ನೀರು ಕೆಸರಾಗಿ ಕಣ್ಣು ಕಾಣದಿದ್ದರೂ ಮೀನಿಗೆ ಸುದ್ದಿ ಮುಟ್ಟುತ್ತೆ.

ಇಷ್ಟೆಲ್ಲ ಓದಿಕೊಂಡೂ ಮೊದಲ ತಿಂಗಳು ಒಂದು ಮೀನೂ ಸಿಗಲಿಲ್ಲ. ನಾನು ಎಸೆಯುವುದು, ರೀಲು ಗರಗರ ತಿರುಗಿಸುವುದು, ಮತ್ತೆ ಎಸೆಯುವುದು. ಜಾಸ್ತಿ ಶಬ್ದ ಮಾಡಿದಷ್ಟೂ ಒಳ್ಳೆಯದು ಅಂತ ತಲೆಯಲ್ಲಿ ಕೂತಿತ್ತು. ಒಂದು ದಿನ ನನ್ನನ್ನು ಕೂರಿಸಿಕೊಂಡು ದೋಣಿಗೆ ಹುಟ್ಟು ಹಾಕುತ್ತಿದ್ದ ಅಣ್ಣಯ್ಯ ತಡೆಯಲಾರದೆ ಕೇಳಿದರು, "ಎಂತ ಮಾರಾಯಾ, ಮೀನ್ ಹಿಡುಕ್ ಬಂದದ್ದಾ, ಆಟ ಕುಣುಕ್ ಬಂದದ್ದಾ? ನಿನ್ ಗೆಜ್ಜಿ ನಿಲ್ಲುದೇ ಇಲ್ಯಲೆ!" ಆಟ ಅಂದರೆ ನಮ್ಮ ಕಡೆ ಯಕ್ಷಗಾನ.

ಆಮೇಲೆ ದೋಣಿಯ ತಳಕ್ಕೆ ಕಿವಿ ಇಟ್ಟು ಕೇಳು ಅಂದರು. ಮಂಡಿಯೂರಿ, ತಳದಲ್ಲಿದ್ದ ನೀರು ಬಟ್ಟೆಗೆ ಹತ್ತಿದರೂ ಪರವಾಗಿಲ್ಲ ಅಂತ ಕಿವಿ ಇಟ್ಟೆ. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ, ಎಡೆಬಿಡದೆ. ಅದು ಒಂದು ಜಾತಿಯ ಸಣ್ಣ ಸಿಗಡಿ, ದೊಡ್ಡ ಕೊಂಡಿಯನ್ನು ಫಟ್ ಅಂತ ಮುಚ್ಚಿ ಮಾಡುವ ಸದ್ದು. ಅಳಿವೆಯ ನೀರು ಮೌನವಾಗಿದೆ ಅಂತ ನಾನು ಅಂದುಕೊಂಡಿದ್ದೆ. ಅದು ಸಂತೆ! ಆ ಗಲಾಟೆಯಲ್ಲಿ ನನ್ನದೂ ಒಂದು ಒಂದೇ ಸಮನೆ ಛಲ್ ಛಲ್. ಯಾವ ಮೀನು ತಿರುಗಿ ನೋಡಬೇಕು?

ಅವತ್ತಿನಿಂದ ದಪ್ಪ ಗುಂಡಿನದನ್ನೇ ಕಟ್ಟಿದೆ, ಎಳೆಯುವುದನ್ನೂ ಬದಲಾಯಿಸಿದೆ. ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೇರಿನ ಅಂಚಿಗೆ ಎಸೆಯುತ್ತೇನೆ. ಎರಡು ಸಲ ರಾಡಿನ ತುದಿಯಿಂದ ಜಗ್ಗುತ್ತೇನೆ, ಟಕ್ ಟಕ್. ಆಮೇಲೆ ಸುಮ್ನೆ. ಮನಸ್ಸಿನಲ್ಲೇ ಒಂದು, ಎರಡು, ಮೂರು, ನಾಲ್ಕು ಎಣಿಸುತ್ತೇನೆ. ಕೈ ತುರಿಸುತ್ತೆ, ಎಳೆಯಬೇಕು ಅನಿಸುತ್ತೆ, ಎಳೆಯಬಾರದು. ಮಳೆಗಾಲ ಮುಗಿದು ನೀರು ಇನ್ನೂ ಚಹಾ ಬಣ್ಣಕ್ಕಿದ್ದ ಅಕ್ಟೋಬರಿನ ಒಂದು ಬೆಳಿಗ್ಗೆ, ಇಳಿತ ಶುರುವಾದ ಹೊತ್ತಿಗೆ, ಮೂರು ಎಣಿಸಿ ನಾಲ್ಕಕ್ಕೆ ಬಾಯಿ ತೆರೆಯುವಷ್ಟರಲ್ಲಿ ರಾಡು ಬಾಗಿತು. ಕೆಂಬೇರಿ, ಕೆಂಪು ಮೈಯ ಮೀನು (ರೆಡ್ ಸ್ನ್ಯಾಪರ್). ಅದು ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತೆ, ಮೊದಲ ಐದು ಸೆಕೆಂಡಿನಲ್ಲಿ ತಡೆಯಲಿಲ್ಲ ಅಂದರೆ ದಾರ ಬೇರಿಗೆ ಅಂಟಿದ ಸಿಪ್ಪಿಗೆ ಉಜ್ಜಿ ಕತ್ತರಿಸಿ ಹೋಗುತ್ತೆ. ಎರಡು ಕಿಲೋಗೆ ಸ್ವಲ್ಪ ಕಮ್ಮಿ ಇತ್ತು. ಕಾಂಡ್ಲಾದಲ್ಲಿ ಸಿಗುವುದು ಬಹುತೇಕ ಎಳೆಯ ಕೆಂಬೇರಿ, ಬೆಳೆದ ಮೇಲೆ ಸಮುದ್ರಕ್ಕೆ ಹೋಗಿ ಮೊಟ್ಟೆ ಇಡುತ್ತೆ. ಅದಕ್ಕೇ ಅಂಗೈ ಅಗಲದ್ದು ಸಿಕ್ಕರೆ ನಾನು ವಾಪಸ್ ಬಿಡುತ್ತೇನೆ.

ಕುರುಡಿ ಅನ್ನುವ ಮೀನಿನ ಲೆಕ್ಕ ಬೇರೆ. ರಾತ್ರಿ ಸೇತುವೆಯ ದೀಪದ ಕೆಳಗೆ ಅದು ತಾನೇ ಶಬ್ದ ಮಾಡುತ್ತೆ. ಬಾಯಿ ತೆರೆದು ನೀರಿನ ಜೊತೆ ಮೀನನ್ನು ಒಳಗೆಳೆದಾಗ ಠಪ್! ಆ ಠಪ್ ಕೇಳಿದ ಕಡೆಗೇ ಎಸೆಯಬೇಕು, ಅದರ ಮೇಲಲ್ಲ, ಸ್ವಲ್ಪ ಆಚೆ. ಕೈಗೆ ಸಿಕ್ಕಿದ ಮೇಲೆ ಕಿವಿರಿನ ಹತ್ತಿರ ಹುಷಾರು, ಅದರ ಮುಚ್ಚಳದ ಅಂಚು ಬ್ಲೇಡು. ನನ್ನ ತೋರುಬೆರಳಿನಲ್ಲಿ ಗುರುತು ಈಗಲೂ ಇದೆ.

ಜನವರಿಯ ತಿಳಿನೀರಿಗೆ ಮಾತ್ರ ಗಿಲಕಿ ಬೇಡ. ಮೀನುಗಳು ಹಿಂದೆ ಹಿಂದೆ ಬಂದು, ಹತ್ತಿರದಿಂದ ನೋಡಿ, ತಿರುಗಿ ಹೋಗುತ್ತವೆ. ಅದಕ್ಕೆ ಒಂದು ಲೂರಿಗೆ ಸೂಜಿ ಕಾಯಿಸಿ ತೂತು ಮಾಡಿ, ಅಂಟು ಬಿಟ್ಟು ಗುಂಡನ್ನು ಕೂರಿಸಿದೆ. ಸದ್ದು ನಿಂತಿತು, ಆದರೆ ಗುಂಡು ಬಾಲದ ಕಡೆ ಅಂಟಿಕೊಂಡು ಲೂರ್ ಹಿಂದಕ್ಕೆ ಕೂತು ಈಜತೊಡಗಿತು. ಗುಂಡೇ ಇಲ್ಲದ್ದು ಅಂಗಡಿಯಲ್ಲಿ ಸಿಗುತ್ತೆ, ಈ ಸಾಹಸ ಮಾಡಬೇಡಿ.

ಹೋದ ಸಲ ಅಣ್ಣಯ್ಯ ತಾವೇ ಕೇಳಿ ದಪ್ಪ ಗುಂಡಿನದು ಒಂದು ಇಸಿದುಕೊಂಡರು. ರಾಡು ಬೇಡ ಅಂದರು. ತಂಗೂಸಿಗೆ (ಗಾಳದ ನೈಲಾನ್ ದಾರ) ಕಟ್ಟಿ ಕೈಯಲ್ಲೇ ಬೀಸಿ ಎಸೆದು, ಜಗ್ಗಿ, ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬರುವಷ್ಟು ಹೊತ್ತು ಬಿಟ್ಟರು. ಎರಡನೇ ಎಸೆತಕ್ಕೆ ಅದು ಸೇತುವೆ ಕಂಬಕ್ಕೆ ಸಿಕ್ಕಿ ದಾರ ಹರಿಯಿತು. ನಾನೂರೈವತ್ತು ರೂಪಾಯಿ. ಅಣ್ಣಯ್ಯ ಕಂಬವನ್ನೇ ನೋಡುತ್ತಾ, "ಗೆಜ್ಜಿ ಕಂಬಕ್ಕೆ ಕಟ್ಟಾಯ್ತ್. ಇನ್ನೊಂದ್ ಇತ್ತಾ?" ಅಂದರು.