ದೊಡ್ಡ ಎಂಜಿನ್ ಕೂರಿಸುವ ಮುನ್ನ ಮೂತಿ ತೂಗಿ ನೋಡಿ

ಶೆಡ್‌ನಲ್ಲಿ ಹಳೇ ಸ್ಪೋರ್ಟ್ಸ್ ಕಾರು ಇದ್ದವರಿಗೆ ಒಂದಲ್ಲ ಒಂದು ದಿನ ಅದಕ್ಕೆ ದೊಡ್ಡ ಎಂಜಿನ್ ಹಾಕಿಸುವ ಆಸೆ ಬಂದೇ ಬರುತ್ತದೆ. ಮೈಸೂರಿನ ನೇರ ರಸ್ತೆಗೆ ಸರಿ, ಸಂಪಾಜೆ ಘಾಟಿಗೆ? ಸಿಸಿ ಆಮೇಲೆ ನೋಡೋಣ, ಮೊದಲು ತೂಕ.

ಕುಶಾಲನಗರದಲ್ಲಿ ಕಾಫಿ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ. ಆಮೇಲೆ ಇಡೀ ಕಾರು ತೂಗಿ. ಒಟ್ಟು 940 ಕಿಲೋ, ಮುಂದೆ 490 ಅಂದುಕೊಳ್ಳಿ. ಅಂದರೆ ಮೂತಿಯ ಮೇಲೆ ಶೇ 52. ಚೆನ್ನಾಗಿದೆ. ಮುಂದಿನ ಆಕ್ಸಲ್ ಮೇಲೆ ಇನ್ನೊಂದು 95 ಕಿಲೋ ಕೂತರೆ ಅದು ಶೇ 56 ದಾಟುತ್ತದೆ.

ಈ 95 ನಾನು ಸುಮ್ನೆ ಹೇಳಿದ್ದಲ್ಲ. ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು ಎಂಜಿಬಿಯದು 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. 1967ರಲ್ಲಿ ಅದೇ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ತುರುಕಿ ಎಂಜಿಸಿ ಮಾಡಿದರು. ಹೆಚ್ಚಾದ ಭಾರ ಹತ್ತಿರತ್ತಿರ ಅಷ್ಟೇ. ಎಂಜಿನ್ ಹಿಡಿಸದೆ ಬಾನೆಟ್ ಉಬ್ಬಿಸಬೇಕಾಯಿತು, ಮುಂದಿನ ಸಸ್ಪೆನ್ಷನ್ನೇ ಬದಲಾಯಿತು. ಸ್ಟೇರಿಂಗ್ ಹಗುರಾಗಲಿ ಅಂತ ಅದನ್ನು ನಿಧಾನ ಮಾಡಿದರು, ಹಾಗಾಗಿ ತಿರುವಿನಲ್ಲಿ ಜಾಸ್ತಿ ಸುತ್ತಬೇಕು. ಓಡಿಸಿದವರ ದೂರು ಒಂದೇ: ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ತಮಾಷೆ ಅಂದರೆ, 1973ರಲ್ಲಿ ಬಂದ ಎಂಜಿಬಿಯ ವಿ8 (ಎಂಟು ಸಿಲಿಂಡರ್) ಮಾದರಿಯ ಎಂಜಿನ್ 3528 ಸಿಸಿ, ಇನ್ನೂ ದೊಡ್ಡದು. ಆದರೆ ಅಲ್ಯೂಮಿನಿಯಂನದು, ನಾಲ್ಕು ಸಿಲಿಂಡರಿನದಕ್ಕಿಂತ ಹೆಚ್ಚೇನೂ ಭಾರವಿಲ್ಲ. ಹಾಗಾಗಿ ಮೂತಿ ಕೆಡಲಿಲ್ಲ. ಎಂಜಿನ್ ನೋಡಲು ಹೋದಾಗ ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಭಾಗ) ಯಾವ ಲೋಹದ್ದು ಅಂತ ಕೇಳಲೇಬೇಕು.

ಇನ್ನು ಓಡಿಸಿ ನೋಡುವುದು. ಟೈರ್ ತಣ್ಣಗಿರುವಾಗಲೇ ಗಾಳಿ ಪರೀಕ್ಷಿಸಿ. ವಾಹನ ಓಡಾಡದ ತೋಟದ ಒಳರಸ್ತೆ ಸಾಕು, ಘಾಟಿಯಲ್ಲಿ ಈ ಪ್ರಯೋಗ ಬೇಡವೇ ಬೇಡ. ನಿಧಾನ ವೇಗದಲ್ಲಿ ಒಂದೇ ತಿರುವನ್ನು ಏರುತ್ತಾ, ಇಳಿಯುತ್ತಾ ತೆಗೆದುಕೊಳ್ಳಿ. ಏರುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರದ ಹಿಡಿತ ಸಡಿಲ. ಇಳಿಯುವಾಗ ಭಾರ ಮುಂದಕ್ಕೆ ಬರುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ತಟಕ್ಕನೆ ಬಿಟ್ಟರೆ ಹಿಂಭಾಗ ಜಾರಬಹುದು.

ಭಾರದ ಜತೆ ಶಕ್ತಿಯ ಕಥೆಯೂ ಇದೆ. ಈ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಜುಲೈ ಮಳೆಯಲ್ಲಿ ದೊಡ್ಡ ಎಂಜಿನ್‌ಗೆ ಎರಡನೇ ಗೇರಿನಲ್ಲಿ ಸ್ವಲ್ಪ ಒತ್ತಿದರೂ ಚಕ್ರ ಸುಮ್ಮನೆ ತಿರುಗೀತು. ಚಿಕ್ಕ ಎಂಜಿನ್‌ನಲ್ಲಿ ಒತ್ತಲು ಅಷ್ಟು ಶಕ್ತಿಯೇ ಇರುವುದಿಲ್ಲ, ಅಲ್ವಾ? ಕೊಡಗಿನ ರಸ್ತೆಗೆ ನನ್ನ ಓಟು ಚಿಕ್ಕದಕ್ಕೇ.

ಇಷ್ಟಾದರೂ ಬದಲಿಸಲೇಬೇಕು ಅನ್ನಿಸಿದರೆ ಮುಂದಿನ ಸ್ಪ್ರಿಂಗ್, ಬ್ರೇಕ್ ಎರಡರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಮೆಕ್ಯಾನಿಕ್‌ಗೆ ಮುಂಗಡ ಕೊಡುವ ಮುಂಚೆ ಆರ್‌ಟಿಒ ಅನುಮತಿ ಕೈಯಲ್ಲಿರಲಿ.