ಹಳ್ಳಿ ಸೈಟಿನ ಮನೆ ಸಂಖ್ಯೆ ಕಡಿತಕ್ಕೆ ಆಕ್ಷೇಪಣೆ: 35 ಇದ್ದದ್ದು 52 ಆದ ಬಗೆ (ನನ್ನ ಅನುಭವ)

ಇಂಗ್ಲೆಂಡಿನ ಲೋಕಲ್ ಪ್ಲಾನ್‌ಗಳಲ್ಲಿ (ಎಲ್ಲಿ ಎಷ್ಟು ಮನೆ ಎಂದು ಕೌನ್ಸಿಲ್ ಗೊತ್ತುಮಾಡುವ ಯೋಜನೆ) ಹಳ್ಳಿಯಂಚಿನ ಸೈಟುಗಳಿಗೆ ಏನಾಗುತ್ತದೆ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ರೆಗ್ಯುಲೇಷನ್ 18ರ ಮೊದಲ ಹಂತದ ಕರಡಿನಲ್ಲಿ 60 ಮನೆ ಇರುತ್ತದೆ. ಊರವರ ಪತ್ರಗಳು ರಾಶಿ ಬೀಳುತ್ತವೆ, ಕೌನ್ಸಿಲರುಗಳು ಬೆವರುತ್ತಾರೆ. ರೆಗ್ಯುಲೇಷನ್ 19ರ ಪ್ರತಿ (ಪರೀಕ್ಷೆಗೆ ಕಳಿಸುವ ಮುನ್ನ ಪ್ರಕಟಿಸುವುದು) ಬರುವ ಹೊತ್ತಿಗೆ ಅದೇ ಸೈಟು, ನಕ್ಷೆಯಲ್ಲಿ ಅದೇ ಕೆಂಪು ಗಡಿಗೆರೆ, ಮನೆ ಮಾತ್ರ 35. ಅಂಥ ಒಂದು ಸೈಟಿಗೆ ಡೆವಲಪರ್ ಪರವಾಗಿ ನಾನು ಬರೆದ ಆಕ್ಷೇಪಣೆಯಿಂದ ಪ್ಲಾನ್ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಅದನ್ನು ‘ಸುಮಾರು 52’ ಎಂದು ಬದಲಿಸಿದರು. ‘ಸಂಖ್ಯೆಗಾಗಿ ಜಗಳ ಬೇಡ, ಅಲೊಕೇಶನ್ (ಪ್ಲಾನಿನಲ್ಲಿ ಸೈಟಿಗೆ ಸಿಕ್ಕ ಸ್ಥಾನ) ಉಳಿದರೆ ಸಾಕು, ಉಳಿದದ್ದು ಅರ್ಜಿಯಲ್ಲಿ ನೋಡಿಕೊಳ್ಳೋಣ’ ಎಂದು ಬುದ್ಧಿ ಹೇಳಿದವರೇ ಹೆಚ್ಚಿದ್ದರು. ಆ ಬುದ್ಧಿಮಾತು ಇಲ್ಲಿ ನಡೆಯುತ್ತಿರಲಿಲ್ಲ. ಈ ಸೈಟಿನ ಪಾಲಿಸಿಯಲ್ಲಿ (ಪ್ಲಾನಿನೊಳಗಿನ ನಿಯಮ) ‘35ರವರೆಗೆ’ ಎಂದು ಬರೆದಿತ್ತು. ಪ್ಲಾನ್ ಅಂಗೀಕಾರವಾದ ಮರುದಿನ 52ಕ್ಕೆ ಅರ್ಜಿ ಹಾಕಿದರೆ ಅದು ನೇರವಾಗಿ ಪಾಲಿಸಿಗೆ ವಿರುದ್ಧ. ಹೊಸ ಪ್ಲಾನ್ ಎಂದ ಮೇಲೆ ಐದು ವರ್ಷಕ್ಕೆ ಬೇಕಾದ ವಸತಿ ಭೂಮಿಯ ಪೂರೈಕೆಯೂ ತುಂಬಿಕೊಂಡಿರುತ್ತದೆ, ಟಿಲ್ಟೆಡ್ ಬ್ಯಾಲೆನ್ಸ್ (ಆ ಭೂಮಿ ಸಾಲದಿದ್ದಾಗ ತಕ್ಕಡಿ ಅನುಮತಿಯ ಕಡೆ ವಾಲುವುದು) ಹೆಸರೆತ್ತುವ ಹಾಗಿಲ್ಲ.

ನಾವು 60 ವಾಪಸ್ ಕೇಳಲಿಲ್ಲ. ಡೆವಲಪರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. 60 ಎಂಬುದು ಜಮೀನಿನ ಲಭ್ಯತಾ ಸಮೀಕ್ಷೆಯಲ್ಲಿ ಯಾರೋ ಒಟ್ಟು ವಿಸ್ತೀರ್ಣಕ್ಕೆ ಒಂದು ಗುಣಕ ಹಾಕಿ ತೆಗೆದ ಲೆಕ್ಕ. ಅದನ್ನು ಸಮರ್ಥಿಸಲು ಹೊರಟರೆ ಅವರ ಹಳೆಯ ಕೈಲೆಕ್ಕವನ್ನು ಅವರ ಹೊಸ ಕೈಲೆಕ್ಕದ ಎದುರು ನಿಲ್ಲಿಸಿದಂತೆ, ಅಷ್ಟೆ. ನೆಲದ ಮೇಲೆ ಗೆರೆ ಎಳೆದು, ಕಳೆಯಬೇಕಾದದ್ದನ್ನೆಲ್ಲ ನಾವೇ ಕಳೆದು, ಉಳಿದದ್ದರಲ್ಲಿ ಎಷ್ಟು ಮನೆ ಹಿಡಿಯುತ್ತದೋ ಅಷ್ಟನ್ನೇ ಕೇಳಬೇಕು.

ಸೈಟು ಒಟ್ಟು 2.6 ಹೆಕ್ಟೇರ್. ಚರ್ಚಿನ ಕಡೆಗೆ ತೆರೆದು ಬಿಟ್ಟ ಪಟ್ಟಿ ಸುಮಾರು 0.4, ಮಳೆನೀರಿನ ಹೊಂಡ 0.2, ಹಳೆಯ ಬೇಲಿಸಾಲುಗಳ ಎರಡೂ ಬದಿಗೆ ಐದೈದು ಮೀಟರ್ ಬಿಟ್ಟದ್ದು 0.2, ಮಕ್ಕಳ ಆಟದ ಜಾಗ, ಸಬ್‌ಸ್ಟೇಷನ್ ಸೇರಿ 0.1. ನಿವ್ವಳ ಉಳಿದದ್ದು 1.7. ಇದರಲ್ಲಿ 52 ಮನೆ ಎಂದರೆ ಹೆಕ್ಟೇರಿಗೆ 30ರ ಆಸುಪಾಸು, 35 ಎಂದರೆ 20ರ ಆಸುಪಾಸು. ಕೌನ್ಸಿಲಿನ ಗುಣಲಕ್ಷಣ ವರದಿ ‘ಹಳ್ಳಿಯ ಸಾಂದ್ರತೆ 14’ ಎಂದು ಹೇಳಿ ಕಡಿತಕ್ಕೆ ಅದನ್ನೇ ಆಧಾರ ಮಾಡಿಕೊಂಡಿತ್ತು. ಆ 14 ಬಂದದ್ದು ಚರ್ಚಿನ ಅಂಗಳ, ಆಟದ ಮೈದಾನ, ದೊಡ್ಡ ಮನೆಯೊಂದರ ತೋಟ ಎಲ್ಲವನ್ನೂ ಛೇದದೊಳಗೆ ಸೇರಿಸಿಕೊಂಡದ್ದರಿಂದ. ಆರ್ಡ್‌ನನ್ಸ್ ಸರ್ವೆಯ ಮಾಸ್ಟರ್‌ಮ್ಯಾಪ್ ಇಟ್ಟುಕೊಂಡು ಬೀದಿ ಬೀದಿಯ ಗುಂಪಾಗಿ ಅಳೆದಾಗ ಮುಖ್ಯ ಬೀದಿಯ ಹಳೆಯ ಸಾಲುಮನೆಗಳು 40 ದಾಟಿದವು, ಯುದ್ಧಾನಂತರದ ಕೌನ್ಸಿಲ್ ಮನೆಗಳು 27, ತೊಂಬತ್ತರ ದಶಕದ ಮುಚ್ಚುಬೀದಿ (ಒಂದು ತುದಿ ಮುಚ್ಚಿದ ಬೀದಿ) 24 ಬಂತು. ಅಳೆಯುವಾಗ ಒಂದು ನಿಯಮ ಇಟ್ಟುಕೊಳ್ಳಿ: ರಸ್ತೆಯ ನಡುಗೆರೆಯಿಂದ ಹಿತ್ತಿಲ ಗಡಿಯವರೆಗೆ, ಎಲ್ಲ ಗುಂಪಿಗೂ ಒಂದೇ ರೀತಿ. ಒಂದು ಕಡೆ ರಸ್ತೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಎದುರಿನವರು ಅದನ್ನೇ ಹಿಡಿದು ಇಡೀ ಕೋಷ್ಟಕವನ್ನು ಬದಿಗಿಡುತ್ತಾರೆ.

ಗೆಲ್ಲಿಸಿದ ವಾದ ಮಾತ್ರ ಸಾಂದ್ರತೆಯದ್ದಲ್ಲ, ನೆಲಹಾಸಿನ ವಿಸ್ತೀರ್ಣದ್ದು, ಅಂದರೆ ಮನೆಗಳ ಎಲ್ಲ ಅಂತಸ್ತುಗಳ ಒಟ್ಟು ಚದರ ಮೀಟರಿನದ್ದು. ಕಡಿತಕ್ಕೆ ಕೊಟ್ಟ ಕಾರಣಗಳೆಲ್ಲ ಕಟ್ಟಡದ ಗಾತ್ರದ ಬಗ್ಗೆ ಇದ್ದವು: ನೋಟ, ಚರ್ಚಿನ ಪರಿಸರ, ಹಳ್ಳಿಯ ಅಂಚು. ಆದರೆ ಪಾಲಿಸಿ ಕಡಿಮೆ ಮಾಡಿದ್ದು ಬಾಗಿಲುಗಳ, ಅಂದರೆ ಮನೆಗಳ ಸಂಖ್ಯೆಯನ್ನು. ನಮ್ಮ 52ರಲ್ಲಿ ಒಂದು ಬೆಡ್‌ರೂಮಿನವು 4, ಎರಡರವು 16, ಮೂರರವು 24, ನಾಲ್ಕರವು 8. ರಾಷ್ಟ್ರೀಯ ಸ್ಪೇಸ್ ಸ್ಟ್ಯಾಂಡರ್ಡ್ ಪ್ರಕಾರ ನಾಲ್ವರಿಗೆ ಎರಡು ಬೆಡ್‌ರೂಮಿನ ಎರಡಂತಸ್ತಿನ ಮನೆಗೆ 79 ಚದರ ಮೀಟರ್, ಐವರಿಗೆ ಮೂರು ಬೆಡ್‌ರೂಮಿನದ್ದಕ್ಕೆ 93. ಹೀಗೆ ಕೂಡಿದರೆ ಒಟ್ಟು 4,650ರ ಸುತ್ತಮುತ್ತ. ಅದೇ 4,650ನ್ನು 35ರಿಂದ ಭಾಗಿಸಿದರೆ ಮನೆಯೊಂದಕ್ಕೆ 133, ಅಂದರೆ ಒಂಟಿಯಾಗಿ ನಿಂತ ನಾಲ್ಕೈದು ಬೆಡ್‌ರೂಮಿನ ಮನೆಗಳು, ಜೋಡಿ ಗ್ಯಾರೇಜು ಬೇರೆ. ಕಟ್ಟಡದ ರಾಶಿ ಒಂದಿಷ್ಟೂ ಇಳಿಯುವುದಿಲ್ಲ. ಕೌನ್ಸಿಲಿನ ವಸತಿ ಅಗತ್ಯ ವರದಿ ಕೇಳುವ ಎರಡು ಮೂರು ಬೆಡ್‌ರೂಮಿನ ಮಿಶ್ರಣದಲ್ಲೇ 35 ಕಟ್ಟುತ್ತೇವೆ ಎಂದರೆ 3,100 ಚದರ ಮೀಟರ್ ಆಗುತ್ತದೆ, ಮನೆಗೆ ಎಂದು ಗುರುತಿಸಿದ ನೆಲದ ಮೂರನೇ ಒಂದು ಭಾಗ ಖಾಲಿ. ಹಾಗಿದ್ದರೆ ಆ ಭಾಗವನ್ನು ಕೆಂಪು ಗೆರೆಯಿಂದ ಹೊರಗೆ ಹಾಕಬೇಕಿತ್ತು, ಹಾಕಿಲ್ಲ. ಈ ಎರಡು ದಾರಿಯನ್ನು ಅಕ್ಕಪಕ್ಕದ ಎರಡು ನಕ್ಷೆಗಳಲ್ಲಿ, ಒಂದೇ ಸ್ಕೇಲಿನಲ್ಲಿ, ಒಂದೇ ಬಣ್ಣದಲ್ಲಿ ಇಡಿ. ಅದರ ಮೇಲೆ ಒಂದು ಸಾಲಿಗಿಂತ ಹೆಚ್ಚು ಬರೆಯಬೇಡಿ. ಇನ್‌ಸ್ಪೆಕ್ಟರ್ ನಡೆಸುವ ಹಿಯರಿಂಗಿನಲ್ಲಿ ‘ನೀವು ಹೇಳುವ ಮಿಶ್ರಣದಲ್ಲಿ 35 ಕಟ್ಟಿದರೆ ಉಳಿದ ಜಾಗದಲ್ಲಿ ಏನಿರುತ್ತದೆ?’ ಎಂಬ ಪ್ರಶ್ನೆಗೆ ಕೌನ್ಸಿಲ್ ಕಡೆಯ ಮೇಜಿನಿಂದ ಉತ್ತರ ಬರಲಿಲ್ಲ.

ಕೈಕೊಡುವ ವಾದಗಳು ಇವೆ, ಅವುಗಳ ಮೇಲೆಯೇ ಜನ ದುಡ್ಡು ಸುರಿಯುತ್ತಾರೆ. ಜಿಲ್ಲೆಯ ಒಟ್ಟು ವಸತಿ ಅಗತ್ಯ ಹೆಚ್ಚಿದೆ ಎಂಬುದು ಒಂದು. ಅದು ಬೇರೆ ದಿನದ, ಬೇರೆ ವಿಷಯದ ಹಿಯರಿಂಗ್. ಒಂದು ಸೈಟಿನ 17 ಮನೆಗಾಗಿ ಅದನ್ನು ಎತ್ತಿದರೆ ಇನ್‌ಸ್ಪೆಕ್ಟರ್ ಮುಂದಿನ ಪುಟಕ್ಕೆ ಹೋಗುತ್ತಾರೆ. ಇನ್ನೊಂದು ವಯಬಿಲಿಟಿ, ಅಂದರೆ ಕಟ್ಟಿದರೆ ಗಿಟ್ಟುತ್ತದೆಯೇ ಎಂಬ ಲೆಕ್ಕ. ನಮ್ಮ ಸೈಟಿನ ಸ್ಥಿರ ಖರ್ಚು ಸುಮಾರು 14 ಲಕ್ಷ ಪೌಂಡ್: ಜಂಕ್ಷನ್ ಮತ್ತು ಕಾಲುದಾರಿ 4 ಲಕ್ಷ, ಕೊಳಚೆ ಪಂಪಿಂಗ್ ಸ್ಟೇಷನ್ ಮತ್ತು ಏರುಪೈಪು ನಾಲ್ಕೂವರೆ, ಹೊಂಡ ಮತ್ತು ಹೊರಹರಿವು ಎರಡೂವರೆ, ವಿದ್ಯುತ್ತಿಗೆ ಒಂದೂವರೆ, ಪುರಾತತ್ವ ಅಗೆತಕ್ಕೆ ಹೆಚ್ಚುಕಡಿಮೆ ಅಷ್ಟೇ. 60ಕ್ಕೆ ಹಂಚಿದರೆ ಮನೆಗೆ 23 ಸಾವಿರ, 52ಕ್ಕೆ 27, 35ಕ್ಕೆ 40 ಸಾವಿರ. ನೋಡಲು ಭರ್ಜರಿ ಕೋಷ್ಟಕ. ಆದರೆ ‘35 ದೊಡ್ಡ ಮನೆ ಕಟ್ಟಿ, ಬೆಲೆ ಹೆಚ್ಚು ಬರುತ್ತದೆ’ ಎಂಬ ಉತ್ತರ ಕೌನ್ಸಿಲಿನ ಕಿಸೆಯಲ್ಲೇ ಇರುತ್ತದೆ, ಅದು ಲೆಕ್ಕಕ್ಕೂ ಕೂಡುತ್ತದೆ. ಹಾಗಾಗಿ ಈ ಕೋಷ್ಟಕವನ್ನು ಒಂಟಿಯಾಗಿ ಕೊಡಬಾರದು. ನೆಲಹಾಸಿನ ನಕ್ಷೆಗಳ ಹಿಂದೆ ಇಡಬೇಕು. ಆಗ ‘ದೊಡ್ಡ ಮನೆ ಕಟ್ಟಿ’ ಎಂದ ಕ್ಷಣ ಅವರು ತಮ್ಮ ಮಿಶ್ರಣ ಪಾಲಿಸಿಯನ್ನೂ ನೋಟದ ವಾದವನ್ನೂ ಒಟ್ಟಿಗೆ ಬಿಟ್ಟುಕೊಟ್ಟಂತೆ. ಅಫೋರ್ಡಬಲ್ (ಕಡಿಮೆ ದರದ) ಮನೆಗಳ ಲೆಕ್ಕವನ್ನೂ ಅಲ್ಲೇ ಇಡಿ: ಶೇ 40ರಂತೆ 52ಕ್ಕೆ 21, 35ಕ್ಕೆ 14. ಏಳು ಮನೆ ಕಡಿಮೆಯಾದದ್ದಕ್ಕೆ ಕೌನ್ಸಿಲಿನ ಸಸ್ಟೈನಬಿಲಿಟಿ ವರದಿಯಲ್ಲಿ ಎಲ್ಲೂ ಅಂಕ ಕಳೆದಿರಲಿಲ್ಲ.

ಲಿಸ್ಟೆಡ್ (ಪಾರಂಪರಿಕ ಕಟ್ಟಡವೆಂದು ಕಾನೂನಿನ ರಕ್ಷಣೆ ಇರುವ) ಚರ್ಚಿನ ವಿಷಯಕ್ಕೆ ಬರೋಣ. ಕೌನ್ಸಿಲ್ ವರದಿ ಲಿಸ್ಟೆಡ್ ಕಟ್ಟಡಗಳ 1990ರ ಕಾಯ್ದೆಯ ಸೆಕ್ಷನ್ 66ನ್ನು ಉಲ್ಲೇಖಿಸಿತ್ತು. ಆ ಸೆಕ್ಷನ್ ಪ್ಲಾನಿಂಗ್ ಪರ್ಮಿಷನ್ ಕೊಡುವಾಗಿನ ಕರ್ತವ್ಯ, ಪ್ಲಾನ್ ಬರೆಯುವಾಗಿನದ್ದಲ್ಲ. ಹೇಳಿದರೆ ಪಾಯಿಂಟ್ ನಿಮ್ಮದೇ, ಆದರೆ ಸೈಟಿಗೆ ಏನೂ ಸಿಗುವುದಿಲ್ಲ, ಬಿಟ್ಟುಬಿಡಿ. ನೋಡಬೇಕಾದದ್ದು ತಾರೀಖು. ಪಾರಂಪರಿಕ ಪರಿಣಾಮದ ವರದಿ ಸಂಖ್ಯೆ ಕಡಿತವಾದ ಮೇಲೆ ಬಂದಿದ್ದರೆ ಆ ಸಂಖ್ಯೆ ಸಾಕ್ಷ್ಯದಿಂದ ಹುಟ್ಟಿದ್ದಲ್ಲ, ‘ಜಸ್ಟಿಫೈಡ್’ (ಸಾಕ್ಷ್ಯಾಧಾರಿತ) ಎಂಬ ಪರೀಕ್ಷೆಯಲ್ಲಿ ಅದು ಅಲ್ಲೇ ಬೀಳುತ್ತದೆ. ಸಮಿತಿಯ ಕಾಗದಗಳು, ಲಭ್ಯತಾ ಸಮೀಕ್ಷೆಯ ಎಲ್ಲ ಆವೃತ್ತಿಗಳು, ಅಧಿಕಾರಿಗಳ ನಡುವಿನ ಇಮೇಲ್ ಎಲ್ಲವನ್ನೂ 2004ರ ಪರಿಸರ ಮಾಹಿತಿ ನಿಯಮಗಳಡಿ ಕೇಳಿ. ಉತ್ತರಕ್ಕೆ 20 ಕೆಲಸದ ದಿನ, ರೆಗ್ಯುಲೇಷನ್ 19ರ ಅವಧಿ ಕನಿಷ್ಠ ಆರು ವಾರ. ಪ್ಲಾನ್ ಪ್ರಕಟವಾದ ದಿನವೇ ಕಳಿಸಿದರೆ ಓದಲು ಎರಡು ವಾರ ಸಿಗುತ್ತದೆ, ಮೂರನೇ ವಾರದಲ್ಲಿ ಎಚ್ಚೆತ್ತರೆ ಸಿಗುವುದಿಲ್ಲ. ಏನು ಕೇಳಬೇಕು ಎಂಬುದರ ಪದಜೋಡಣೆ ನನ್ನ ಹತ್ತಿರವೇ ಇರಲಿ, ಅದರಲ್ಲಿ ಹೊಟ್ಟೆಪಾಡಿದೆ.

ನೋಟಕ್ಕೆ ಒಂದು ಅಡ್ಡ ಪ್ರಯೋಗ ಮಾಡಿದೆ, ಅದು ನಿರೀಕ್ಷೆಗಿಂತ ಚೆನ್ನಾಗಿ ಫಲ ಕೊಟ್ಟಿತು. ಎನ್ವಿರಾನ್‌ಮೆಂಟ್ ಏಜೆನ್ಸಿಯ ಒಂದು ಮೀಟರ್ ಲೈಡಾರ್ ದತ್ತಾಂಶ (ಲೇಸರಿನಿಂದ ಅಳೆದ ನೆಲದ ಎತ್ತರ) ಉಚಿತ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕಣ್ಣೆತ್ತರ 1.6 ಮೀಟರ್, ಮನೆಯ ಸೂರಿನ ತುದಿ ಮೊದಲು 9 ಮೀಟರ್, ಆಮೇಲೆ 7 ಮೀಟರ್ ಎಂದು ಇಟ್ಟು ಸಾರ್ವಜನಿಕ ಕಾಲುದಾರಿಯಿಂದ ಗೋಚರತೆ ಲೆಕ್ಕ ಹಾಕಿದೆ. ಮೇಲ್ಮೈ ಮಾದರಿ ಬಳಸಿದರೆ ಮರಗಳೆಲ್ಲ ಗೋಡೆಯಾಗಿ ನಿಂತು ಫಲಿತಾಂಶ ನಮ್ಮ ಪರ ಬಾಗುತ್ತದೆ. ಎದುರಿನ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅದನ್ನು ಎರಡು ನಿಮಿಷದಲ್ಲಿ ಹರಿದುಹಾಕುತ್ತಾರೆ. ಬರಿ ನೆಲದ ಮಾದರಿಯಲ್ಲೇ ಕೊಡಿ. ತಿಳಿದುಬಂದದ್ದು: ಗೋಪುರದ ನೋಟವನ್ನು ಕೆಡಿಸುತ್ತಿದ್ದದ್ದು ದಿಬ್ಬದ ಮೇಲಿನ ಎಂಟೊಂಬತ್ತು ಮನೆಗಳು ಮಾತ್ರ. ಅವುಗಳ ಎತ್ತರ ಒಂದೂವರೆ ಅಂತಸ್ತಿಗೆ ಇಳಿಸಿ, ಪಟ್ಟಿಯನ್ನು ಒಂದಿಷ್ಟು ಅಗಲ ಮಾಡಿದರೆ ಸಾಕು. 25 ಮನೆ ಕಳೆದರೂ ಆ ಎಂಟು ಅಲ್ಲೇ ನಿಂತಿದ್ದರೆ ನೋಟ ಕೆಟ್ಟೇ ಇರುತ್ತದೆ. ಎತ್ತರದ ಮಿತಿಯನ್ನು ನಾವೇ ಪಾಲಿಸಿಯ ಸಾಲಾಗಿ ಬರೆದುಕೊಟ್ಟೆವು.

ಇನ್ನೊಂದು ಅಡ್ಡ ಪ್ರಯೋಗ ಶೇ 10ರ ಬಯೊಡೈವರ್ಸಿಟಿ ನೆಟ್ ಗೇನ್, ಅಂದರೆ ಕಟ್ಟಿದ ಮೇಲೆ ಜೀವವೈವಿಧ್ಯ ಮೊದಲಿಗಿಂತ ಅಷ್ಟು ಹೆಚ್ಚಿರಬೇಕೆಂಬ ನಿಯಮ. ‘ಮನೆ ಕಡಿಮೆ, ಹಸಿರು ಹೆಚ್ಚು’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಅದನ್ನು ಯೂನಿಟ್‌ಗಳಲ್ಲಿ ಅಳೆಯುವ ಮೆಟ್ರಿಕ್‌ನಲ್ಲಿ ಖಾಸಗಿ ಹಿತ್ತಿಲಿಗೆ ಬೆಲೆ ಕಡಿಮೆ, ಚೆನ್ನಾಗಿ ನೋಡಿಕೊಂಡ ಹುಲ್ಲುಗಾವಲಿಗೆ ಹೆಚ್ಚು. ದೊಡ್ಡ ಹಿತ್ತಿಲುಗಳ 35ಕ್ಕಿಂತ, ಒಂದೇ ಕಡೆ ಹುಲ್ಲುಗಾವಲು ಬಿಟ್ಟ 52ಕ್ಕೆ ಯೂನಿಟ್ ಜಾಸ್ತಿ ಬಂತು. ಒಂದು ಪುಟದ ಅನುಬಂಧ ಮಾಡಿದೆ. ಯಾರೂ ಅದರ ಬಗ್ಗೆ ಪ್ರಶ್ನೆ ಕೇಳಲಿಲ್ಲ, ಆದರೆ ಆ ಮಾತು ಮತ್ತೆ ಕೇಳಿಬರಲೂ ಇಲ್ಲ.

ರಸ್ತೆ, ನೀರು ಬೇಗ ಮುಗಿಯುತ್ತವೆ. 25 ಮನೆಯ ವ್ಯತ್ಯಾಸಕ್ಕೆ ಪೀಕ್ ಗಂಟೆಯಲ್ಲಿ ಎರಡೂ ದಿಕ್ಕು ಸೇರಿ ಹನ್ನೆರಡು ಹದಿಮೂರು ವಾಹನ. 30 ಮೈಲಿ ವೇಗದ ರಸ್ತೆಗೆ ಸೇರುವ ಜಂಕ್ಷನ್ನಿನಲ್ಲಿ 2.4 ಮೀಟರ್ ಹಿಂದಿನಿಂದ 43 ಮೀಟರ್ ನೋಟ ಬೇಕು, ಅದು 35ಕ್ಕೂ 60ಕ್ಕೂ ಒಂದೇ. ಹೈವೇ ಇಲಾಖೆ 60ಕ್ಕೆ ತಕರಾರಿಲ್ಲ ಎಂದು ಹಿಂದೆ ಬರೆದ ಪತ್ರವನ್ನು ಹುಡುಕಿ ಲಗತ್ತಿಸಿ. ಅದಕ್ಕಿಂತ ಉದ್ದದ ಟ್ರಾನ್ಸ್‌ಪೋರ್ಟ್ ವರದಿ ಬೇಡ. ಹೊಂಡದ ಗಾತ್ರ ನೀರು ಇಂಗದ ಮೇಲ್ಮೈಯನ್ನು ಅವಲಂಬಿಸಿದ್ದು, ದೊಡ್ಡ ಮನೆ 35 ಆದರೂ ಸುಮಾರು 700 ಘನ ಮೀಟರೇ.

ಆಕ್ಷೇಪಣೆಯ ಫಾರ್ಮ್ ತುಂಬುವಾಗ ನಾಲ್ಕೂ ಸೌಂಡ್‌ನೆಸ್ (ಪ್ಲಾನ್ ಗಟ್ಟಿಯಾಗಿದೆಯೇ ಎಂಬ ಪರೀಕ್ಷೆ) ಪೆಟ್ಟಿಗೆಗೆ ಟಿಕ್ ಹಾಕುವ ಚಾಳಿ ಬಿಡಿ. ಒಂದು ಸೈಟಿಗೆ ‘ಪಾಸಿಟಿವ್ಲಿ ಪ್ರಿಪೇರ್ಡ್’ ಎಳೆದು ತಂದರೆ ವಾದ ತೆಳುವಾಗುತ್ತದೆ. ನಾವು ಹಾಕಿದ್ದು ಜಸ್ಟಿಫೈಡ್, ಎಫೆಕ್ಟಿವ್, ಮತ್ತು ದಕ್ಷ ಭೂಬಳಕೆಯ ಕಾರಣಕ್ಕೆ ರಾಷ್ಟ್ರೀಯ ನೀತಿ. ಎನ್‌ಪಿಪಿಎಫ್ (ರಾಷ್ಟ್ರೀಯ ಪ್ಲಾನಿಂಗ್ ನೀತಿಯ ದಾಖಲೆ) ಪ್ಯಾರಾ ಸಂಖ್ಯೆ ಹಾಕುವಾಗ ನಿಮ್ಮ ಪ್ಲಾನ್ ಯಾವ ಆವೃತ್ತಿಯಡಿ ಪರೀಕ್ಷೆಯಾಗುತ್ತಿದೆ ನೋಡಿ: ಸೌಂಡ್‌ನೆಸ್ ಪ್ಯಾರಾ 2023ರದ್ದರಲ್ಲಿ 35, 2024ರ ಡಿಸೆಂಬರಿನದ್ದರಲ್ಲಿ 36. ಬದಲಿ ಪಠ್ಯವನ್ನು ಅಕ್ಷರಶಃ ಬರೆದುಕೊಡಿ, ಇನ್‌ಸ್ಪೆಕ್ಟರ್ ಹಾಗೇ ಎತ್ತಿಕೊಳ್ಳುವಂತೆ. ‘ಕನಿಷ್ಠ 52’ ಎಂದು ಕೇಳಿದರೆ ಊರೇ ಎದ್ದು ನಿಲ್ಲುತ್ತದೆ. ‘ಸುಮಾರು 52’ರಲ್ಲಿ ಎರಡು ಮೂರು ಮನೆಯ ಸಡಿಲವೂ ಸಿಗುತ್ತದೆ, ಜಗಳವೂ ಕಡಿಮೆ. ಹಿಯರಿಂಗಿಗೆ ಬರುತ್ತೇನೆ ಎಂಬ ಪೆಟ್ಟಿಗೆ ಮರೆಯಬೇಡಿ. 2004ರ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 20(6)ರಲ್ಲಿ ಕೊಟ್ಟ ಹಾಜರಾಗಿ ಮಾತಾಡುವ ಹಕ್ಕು ಕೇಳಿಕೊಂಡವರಿಗೆ ಮಾತ್ರ. ನಕ್ಷೆಗಳೆಲ್ಲ ಆಗಲೇ ಒಳಗೆ ಹೋಗಿರಬೇಕು; ಹಿಯರಿಂಗ್ ಸ್ಟೇಟ್‌ಮೆಂಟಿಗೆ ಸಾಮಾನ್ಯವಾಗಿ 3,000 ಪದದ ಮಿತಿ, ಅದರ ಜೊತೆ ಹೊಸ ನಕ್ಷೆ ತಂದರೆ ವಾಪಸ್ ಕಳಿಸುವುದೂ ಉಂಟು.

ಖರ್ಚು ನೆನಪಿನಿಂದ ಹೇಳುವುದಾದರೆ ಲೇಔಟ್ 7 ಸಾವಿರ ಪೌಂಡ್, ಲ್ಯಾಂಡ್‌ಸ್ಕೇಪ್ 5, ಪಾರಂಪರಿಕ ಟಿಪ್ಪಣಿ 4, ನೀರು 3, ರಸ್ತೆ 2. ನನ್ನ ಫೀಸು ಬೇರೆ. ಬ್ಯಾರಿಸ್ಟರ್ ಬೇಕು ಎಂದು ಡೆವಲಪರಿನ ಬೋರ್ಡು ಹಟ ಹಿಡಿದಿತ್ತು, ಬೇಡ ಎಂದು ನಿಲ್ಲಿಸಿದೆ. ದುಂಡುಮೇಜಿನ ಹಿಯರಿಂಗಿನಲ್ಲಿ ಪಾಟಿಸವಾಲು ಇರುವುದಿಲ್ಲ, ಲೇಔಟ್ ಮಾಡಿದವರೇ ಪಕ್ಕದಲ್ಲಿ ಕೂತು ಅಳತೆ ಹೇಳಿದರೆ ಹೆಚ್ಚು ತೂಕ. 17 ಪ್ಲಾಟಿನ ಎದುರು ಈ ಮೊತ್ತ ಚಿಲ್ಲರೆ.

ಸಂಖ್ಯೆ ಬದಲಾಯಿತೆಂದು ಫೈಲು ಮುಚ್ಚಬೇಡಿ. ಮೇನ್ ಮಾಡಿಫಿಕೇಶನ್ (ಪರೀಕ್ಷೆಯ ನಂತರ ಪ್ಲಾನಿಗೆ ಮಾಡುವ ತಿದ್ದುಪಡಿ) ಪ್ರಕಟವಾದಾಗ ಪಾಲಿಸಿಯಲ್ಲಿ 52 ಬಂದಿತ್ತು, ವಸತಿ ಟ್ರಾಜೆಕ್ಟರಿ (ಯಾವ ವರ್ಷ ಎಷ್ಟು ಮನೆ) ಕೋಷ್ಟಕದಲ್ಲಿ 35 ಹಾಗೇ ಇತ್ತು, ಕಾನ್ಸೆಪ್ಟ್ ನಕ್ಷೆಯಲ್ಲಿ ಹಳೆಯ ಅಗಲದ ಪಟ್ಟಿಯೇ ಇತ್ತು. ಇವು ಹಾಗೇ ಉಳಿದರೆ ಅರ್ಜಿಯ ಹಂತದಲ್ಲಿ ‘ಕೋಷ್ಟಕ, ನಕ್ಷೆ ನೋಡಿ, 52ಕ್ಕೆ ತಾಳೆಯಾಗುವುದಿಲ್ಲ’ ಎಂಬ ವಾದಕ್ಕೆ ನಾವೇ ಆಧಾರ ಕೊಟ್ಟಂತೆ. ಆರು ವಾರದ ಸಮಾಲೋಚನೆಯೊಳಗೆ ಎರಡನ್ನೂ ತೋರಿಸಿ ಒಂದೇ ಪುಟದ ಪತ್ರ ಕಳಿಸಿದೆವು. ಅದರಲ್ಲಿ ಹೊಸ ವಾದ ಒಂದೂ ಇರಲಿಲ್ಲ, ಪುಟ ಸಂಖ್ಯೆ ಮತ್ತು ತಿದ್ದಬೇಕಾದ ಅಂಕಿ, ಅಷ್ಟೇ. ಅಂಗೀಕಾರವಾದ ಪ್ರತಿಯಲ್ಲಿ ಎರಡೂ ಸರಿಯಾಗಿವೆ.