ಸಿಮೆಂಟ್ ಕಿತ್ತು ಗಾರೆ ಮೆತ್ತಿದೆ

ಹಳೆಯ ಇಟ್ಟಿಗೆ ಕಟ್ಟಡವೊಂದರ ದುರಸ್ತಿಗೆ ಕೈಹಾಕಿದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿತ್ತು. ಗಟ್ಟಿಯಾಗಿರಲಿ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲೆತ್ತರ ಇದ್ದ ತೇವ ಸೊಂಟದವರೆಗೆ ಏರಿತ್ತು. ತಟ್ಟಿದರೆ ಟೊಳ್ಳು ಸದ್ದು. ಕಿತ್ತು ನೋಡಿದರೆ ಸಿಮೆಂಟಿಗೆ ಏನೂ ಆಗಿರಲಿಲ್ಲ, ಹಿಂದಿನ ಇಟ್ಟಿಗೆ ಮಾತ್ರ ಪುಡಿಪುಡಿ!

ಹಳೆಯ ಗೋಡೆ ನೆಲದಿಂದ ನೀರು ಹೀರುತ್ತದೆ, ಸುಣ್ಣದ ಗಾರೆಯ ಮೂಲಕ ಅದನ್ನು ಹೊರಗೆ ಬಿಡುತ್ತದೆ. ನಾನು ಆ ದಾರಿಯನ್ನೇ ಮುಚ್ಚಿದ್ದೆ. ನೀರಿನ ಜೊತೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಒಡೆದಿತ್ತು.

'ಕೆಡವಿ ಹೊಸದು ಕಟ್ಟಿ, ಕರೆಂಟೂ ಉಳಿಯುತ್ತೆ' ಎಂದವರೇ ಜಾಸ್ತಿ. ಕರೆಂಟ್ ಉಳಿದೀತು, ಆದರೆ ಈ ಇಟ್ಟಿಗೆ ಸುಟ್ಟ ಹೊಗೆ ಗಾಳಿಗೆ ಸೇರಿ ಎಷ್ಟೋ ಕಾಲವಾಗಿದೆ. ಕೆಡವಿದರೆ ಮತ್ತೆ ಇಟ್ಟಿಗೆ, ಉಕ್ಕು, ಸಿಮೆಂಟ್ ಎಲ್ಲಕ್ಕೂ ಹೊಸದಾಗಿ ಹೊಗೆ ಏಳಬೇಕು, ಅಲ್ವಾ? ಸಿಮೆಂಟಿನ ಗೂಡಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸುಣ್ಣಕ್ಕೆ 900ರ ಆಸುಪಾಸು ಸಾಕು. ಸುಣ್ಣ ಸುಡುವಾಗಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗಾರೆ ಗಟ್ಟಿಯಾಗುವುದೇ ಗಾಳಿಯಿಂದ ಅದರಲ್ಲಿ ಒಂದು ಪಾಲನ್ನು ವಾಪಸ್ ಹೀರಿಕೊಂಡು.

ಸಿಮೆಂಟನ್ನು ಯಂತ್ರ ಮುಟ್ಟಿಸದೆ ಉಳಿ, ಸುತ್ತಿಗೆಯಿಂದಲೇ ಬಿಡಿಸಿದೆವು. ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿದೆವು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಗೋಡೆ ಒಣಗಲೆಂದು ತಿಂಗಳುಗಟ್ಟಲೆ ಸುಮ್ನೆ ಬಿಟ್ಟೆ. ಅಷ್ಟು ದಿನ ಕೈಕಟ್ಟಿ ಕೂರುವುದೇ ಕಷ್ಟವಾಗಿತ್ತು.

ಆ ಹೊತ್ತಿಗೆ ಸುಣ್ಣ ಅರಳಿಸಿದೆವು. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಲೇಬಾರದು. ಅರಳಿದ್ದನ್ನು ನೀರಿನಡಿ ಮೂರು ತಿಂಗಳು ಇಟ್ಟೆ. ಅದು ಬೆಣ್ಣೆಯ ಹಾಗಾಯಿತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ದಪ್ಪ ಮರಳು. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ, ಒಂದು ಪದರ ಬಿಗಿಯಾದ ಮೇಲೆ ಇನ್ನೊಂದು. ಒಮ್ಮೆ ಅವಸರಪಟ್ಟು ದಪ್ಪಗೆ ಮೆತ್ತಿ ಬಿಸಿಲಿಗೆ ಬಿಟ್ಟಿದ್ದೆ. ಮರುದಿನವೇ ಬಿರುಕು! ಅಲ್ಲಿಂದಾಚೆ ಒದ್ದೆ ಗೋಣಿತಟ್ಟು ಹೊದಿಸದೆ ಬಿಡಲಿಲ್ಲ.

ಕೆಟ್ಟ ಇಟ್ಟಿಗೆಗಳ ಜಾಗಕ್ಕೆ ಅದೇ ಕಟ್ಟಡದ ಬಿದ್ದ ಕಾಂಪೌಂಡಿನ ಇಟ್ಟಿಗೆ ಬಳಸಿದೆವು. ಸುಣ್ಣದಲ್ಲಿ ಕಟ್ಟಿದ್ದರಿಂದ ಕರಣೆ ತಾಗಿಸಿದರೆ ಹಳೆ ಗಾರೆ ಉದುರುತ್ತಿತ್ತು, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಕೊನೆಗೆ ಪ್ಲಾಸ್ಟಿಕ್ ಪೇಂಟ್ ಬೇಡವೆಂದು ಸುಣ್ಣವನ್ನೇ ಬಳಿದೆವು.

ತೇವ ಈಗಲೂ ಇದೆ, ಆದರೆ ಮೊಣಕಾಲಿಗಿಂತ ಕೆಳಗೆ. ಹಿಂಬದಿಯ ಮೂಲೆಯಲ್ಲಿ ಮಾತ್ರ ಸಿಮೆಂಟ್ ಇಟ್ಟಿಗೆಗೆ ಎಷ್ಟು ಕಚ್ಚಿಕೊಂಡಿತ್ತೆಂದರೆ, ಕಿತ್ತರೆ ಗೋಡೆಯೇ ಬರುವಂತಿತ್ತು. ಅಷ್ಟನ್ನು ಹಾಗೇ ಬಿಟ್ಟಿದ್ದೇನೆ.